ಕಟ್ಟಿರುವೆಗೆ ಮೋಟರು ಸುತ್ತಿದ ರಮಾಮಣಿ

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದು, ಹಳೇ ಮದ್ರಾಸ್ ರಸ್ತೆಯನ್ನು ದೇವರ ಮೇಲೆ ಭಾರ ಹಾಕಿ ದಾಟಿ, ಉದಯನಗರದೊಳಗೆ ಬಂದರೆ ಮೂರನೆಯ ತಿರುವಿಗೆ ನಮ್ಮ ರಸ್ತೆ. 2005ರ ಜುಲೈ ತಿಂಗಳ ಒಂದು ಮಧ್ಯಾಹ್ನ, ಊಟ ಮುಗಿಸಿ ಎಲ್ಲರೂ ಅಡ್ಡಾಗುವ ಹೊತ್ತಿಗೆ, ಆ ರಸ್ತೆಯಲ್ಲಿ ಏನೋ ಸುಟ್ಟ ವಾಸನೆ ಹಬ್ಬಿತು. ನಾನು ನಮ್ಮ ಮಿಕ್ಸಿಯ ಮೇಲೆ ಅನುಮಾನಪಟ್ಟು ಅಡುಗೆಮನೆಗೆ ಓಡಿದೆ. ಪಕ್ಕದ ಮನೆಯವರು ಹಾಲಿನ ಪಾತ್ರೆ ನೋಡಿಕೊಂಡರು. ಮೂಲೆಮನೆಯ ಮುನಿಆಂಜನಪ್ಪ ತಮ್ಮ ಸ್ಕೂಟರಿಗೆ ಎರಡು ಪ್ರದಕ್ಷಿಣೆ ಹಾಕಿ ಮೂಸಿದರು. ನಮ್ಮೆದುರು ಮನೆಯ ರಮಾಮಣಿಯವರೊಬ್ಬರೇ ಬಾಗಿಲಿಗೆ ಬಂದು, ಮೂಗು ಸ್ವಲ್ಪ ಮೇಲೆತ್ತಿ, ಕಣ್ಣು ಮುಚ್ಚಿ, "ಎನಾಮೆಲ್ಲು" ಅಂದರು. ಸೆರಗು ಸಿಕ್ಕಿಸಿಕೊಂಡು ತಮ್ಮದೇ ಮನೆಯ ಹೊರಮೆಟ್ಟಿಲು ಹತ್ತಿದರು.

ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವರ ಮಗಳು ವಿಭಾ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ. ಬಾಲ್ಕನಿಯಲ್ಲಿ ಪೇಪರು ಹಾಸಿಕೊಂಡು ಕೂತಿದ್ದಳು. ಮುಂದೆ ಒಂದು ರೂಪಾಯಿ ನಾಣ್ಯಕ್ಕಿಂತ ಒಂದಿಷ್ಟು ದೊಡ್ಡದಾದ ಮೋಟರು. ಅದರಿಂದ ಸಣ್ಣಗೆ ಹೊಗೆ. ಪಕ್ಕದಲ್ಲಿ ನೀರಿನ ಚೊಂಬು. ಸುರಿಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದಳು.

"ನೀರು ಹಾಕ್ಬೇಡ!" ಅಂದರು ರಮಾಮಣಿ. "ಯಾರಮ್ಮ ಈ ಕಾಯಿಲ್ ಸುತ್ತಿದ್ದು?"

"ನಾನೇ ಆಂಟಿ."

ರಮಾಮಣಿ ಅದನ್ನು ಸೆರಗಿನ ತುದಿಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಒಂಬತ್ತು ಹಲ್ಲಿನ ಒಂದು ಕಬ್ಬಿಣದ ಚಕ್ರ. ಪ್ರತಿ ಹಲ್ಲಿಗೂ ತಾಮ್ರದ ತಂತಿಯನ್ನು ಸಿಟ್ಟಿನಲ್ಲಿ ಸುತ್ತಿದಂತಿತ್ತು.

"ಇದು ಸುತ್ತಿರೋದಲ್ಲ ಮಗೂ," ಅಂದರು. "ಇದು ಕಟ್ಟಿಹಾಕಿರೋದು. ಕಳ್ಳನ್ನ ಕಂಬಕ್ಕೆ ಕಟ್ತಾರಲ್ಲ, ಹಾಗೆ."

ಈ ಮಾತು ಹೇಳುವ ಅಧಿಕಾರ ಅವರಿಗಿತ್ತು. ಎಪ್ಪತ್ಮೂರರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವರು ಟೆಲಿಫೋನ್ ಉಪಕರಣ ಮಾಡುವ ಸರ್ಕಾರಿ ಕಾರ್ಖಾನೆ ಸೇರಿದ್ದರು. ಆಗಿನ ಟೆಲಿಫೋನ್ ಎಕ್ಸ್‌ಚೇಂಜ್ ಅಂದರೆ ಬೀರುಗಟ್ಟಲೆ ರಿಲೇಗಳು. ಯಾರೋ ನಂಬರು ತಿರುಗಿಸಿದ ಕೂಡಲೇ ಟಕಟಕ ಅನ್ನುವಂಥವು. ಪ್ರತಿ ರಿಲೇಯ ಹೊಟ್ಟೆಯಲ್ಲೂ ಒಂದು ಕಾಯಿಲ್. ಕೂದಲಿಗಿಂತ ತೆಳುವಾದ ತಂತಿ, ಸಾವಿರಾರು ಸುತ್ತು. ಮಿಷಿನ್ನು ತಿರುಗಿಸುತ್ತದೆ, ಹೆಂಗಸಿನ ಬೆರಳು ತಂತಿಯನ್ನು ನಡೆಸುತ್ತದೆ. ಜಾಸ್ತಿ ಎಳೆದರೆ ಕಡಿಯುತ್ತದೆ, ಸಡಿಲ ಬಿಟ್ಟರೆ ಉಬ್ಬುತ್ತದೆ. ಆ ಸೆಕ್ಷನ್ನಿನ ನಲವತ್ತು ಹೆಂಗಸರಲ್ಲಿ ರಮಾಮಣಿಯವರಷ್ಟು ಬೇಗ ಮತ್ತು ಅಷ್ಟು ಒಪ್ಪವಾಗಿ ಸುತ್ತುವವರು ಇನ್ನೊಬ್ಬರಿರಲಿಲ್ಲ. ಇದನ್ನು ಅವರು ಹೇಳಿಕೊಂಡದ್ದಲ್ಲ. ವಾದಿರಾಜ ಅಂತ ಒಬ್ಬ ಇನ್ಸ್‌ಪೆಕ್ಟರಿದ್ದ. ಎಲ್ಲರ ಮಾಲನ್ನೂ ಭೂತಕನ್ನಡಿ ಹಿಡಿದು ನೋಡಿ, ತಪ್ಪು ಸಿಕ್ಕರೆ ಕೆಂಪು ಚೀಟಿ ಅಂಟಿಸುವುದು ಅವನ ಕೆಲಸ. ರಮಾಮಣಿಯವರ ಟ್ರೇಗೆ ಚೀಟಿ ಅಂಟಿಸಬೇಕು ಅಂತ ಆತ ಹದಿನೆಂಟು ವರ್ಷ ಕಾದ. ಒಂದೇ ಒಂದು ಸಲ ಅಂಟಿಸಿದ. ಅದೂ ಪಕ್ಕದವಳ ಟ್ರೇ ಅಂತ ಸಂಜೆಗೆ ಗೊತ್ತಾಯಿತು. ಅವತ್ತು ರಮಾಮಣಿ ಆ ಚೀಟಿಯನ್ನು ಕಿತ್ತು ಅವನ ಅಂಗಿಯ ಜೇಬಿನ ಮೇಲೆ ಅಂಟಿಸಿ ಮನೆಗೆ ಬಂದರಂತೆ.

ಆಮೇಲೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದವು. ತೊಂಬತ್ನಾಲ್ಕರಲ್ಲಿ ಕಾಯಿಲ್ ಸೆಕ್ಷನ್ ಮುಚ್ಚಿತು. ರಮಾಮಣಿಯವರನ್ನು ಪ್ಯಾಕಿಂಗಿಗೆ ಹಾಕಿದರು. ಏಳು ವರ್ಷ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸಿ, ಸ್ವಯಂನಿವೃತ್ತಿ ತೆಗೆದುಕೊಂಡು ಮನೆಗೆ ಬಂದರು. ಮನೆಗೆ ಬಂದರೂ ಕೈ ಸುಮ್ಮನಿರಲಿಲ್ಲ. ಹೂ ಕಟ್ಟಿದರೆ ಮಲ್ಲಿಗೆ ಮೊಗ್ಗು ಉಸಿರು ಕಟ್ಟಿ ಅರಳುವುದನ್ನೇ ಮರೆಯುತ್ತಿತ್ತು. ಉಲ್ಲನ್ ಹೆಣೆದರೆ ಸ್ವೆಟರು ಕವಚದ ಹಾಗೆ ನಿಲ್ಲುತ್ತಿತ್ತು. ಅವರ ಯಜಮಾನರು ವೆಂಕಟಾಚಲ ವಿಮಾ ಕಂಪನಿಯ ಕ್ಲೇಮ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಆ ಸ್ವೆಟರಿನಲ್ಲಿ ಕೈ ಮಡಚಲು ಆಗುವುದಿಲ್ಲ ಅಂತ ನನ್ನ ಹತ್ತಿರ ಮಾತ್ರ ಹೇಳಿದ್ದರು.

"ಯಾಕೆ ಬೇಕು ನಿಂಗೆ ಇಷ್ಟು ಪುಟಾಣಿ ಮೋಟರು?" ಅಂತ ಆವತ್ತು ಬಾಲ್ಕನಿಯಲ್ಲೇ ಕೂತು ಕೇಳಿದರು ರಮಾಮಣಿ.

"ರೋಬೋಟಿಗೆ ಆಂಟಿ. ಫೈಟಿಂಗ್ ರೋಬೋಟು. ಒಂದು ಪೆಟ್ಟಿಗೆ ಒಳಗೆ ಎರಡು ರೋಬೋಟ್ ಬಿಡ್ತಾರೆ. ಯಾವುದು ಅಲ್ಲಾಡದೆ ನಿಂತ್ಬಿಡುತ್ತೋ ಅದು ಸೋತ ಹಾಗೆ. ನಮ್ದು ಸಣ್ಣ ಕ್ಲಾಸು, ಒಂದೂವರೆ ಕಿಲೋ ಮೀರ್ಬಾರ್ದು. ಚಕ್ರ ತಿರುಗ್ಸೋಕೆ ಎಲ್ರೂ ಬ್ರಷ್ ಮೋಟರ್ ಹಾಕ್ತಾರೆ. ಅದು ಭಾರ, ಜೊತೆಗೆ ಒಳಗೆ ಉಜ್ಜಿ ಕರೆಂಟು ದಾಟ್ಸೋ ಬ್ರಷ್ಷು ಎರಡು ಫೈಟಿಗೇ ಸವೆದು ಸುಟ್ಟೋಗುತ್ತೆ. ಬ್ರಷ್ಷೇ ಇಲ್ದಿರೋ ಮೋಟರಾದ್ರೆ ಅರ್ಧ ತೂಕ, ಡಬಲ್ ಶಕ್ತಿ. ಫಾರಿನ್ನಿಂದ ತರ್ಸೋದು ನನ್ನ ಕೈಲಾಗಲ್ಲ. ಹಳೇ ಸಿಡಿ ಡ್ರೈವಲ್ಲಿರೋ ಮೋಟರನ್ನ ಬಿಚ್ಚಿ, ದಪ್ಪ ತಂತಿ ಸುತ್ತಿ, ಒಳ್ಳೆ ಮ್ಯಾಗ್ನೆಟ್ ಅಂಟಿಸಿದ್ರೆ ಆಗುತ್ತೆ ಅಂತ ನೆಟ್ಟಲ್ಲಿ ಓದ್ದೆ."

"ಬ್ರಷ್ ಇಲ್ದೆ ಹೇಗೆ ತಿರುಗುತ್ತೆ?"

"ಒಂಬತ್ತು ಹಲ್ಲಿಗೆ ಮೂರು ಗುಂಪು ಆಂಟಿ. ಒಂದು, ನಾಲ್ಕು, ಏಳನೇ ಹಲ್ಲು ಒಂದು ಗುಂಪು. ಎರಡು, ಐದು, ಎಂಟು ಇನ್ನೊಂದು. ಒಂದಾದ್ಮೇಲೆ ಒಂದಕ್ಕೆ ಕರೆಂಟು ಕೊಡ್ತಾ ಹೋದ್ರೆ ಹೊರಗಿರೋ ಮ್ಯಾಗ್ನೆಟ್ ಬಳೆ ಅದರ ಹಿಂದೇನೇ ಓಡುತ್ತೆ. ಆ ಕರೆಂಟ್ ಕೊಡೋ ಸರ್ಕ್ಯೂಟ್ ನಾನೇ ಮಾಡಿದೀನಿ."

"ಅಂದ್ರೆ ಕುರಿ ಮುಂದೆ ಸೊಪ್ಪು ಹಿಡ್ಕೊಂಡು ಓಡಿದ ಹಾಗೆ."

ವಿಭಾ ಒಂದು ಕ್ಷಣ ಯೋಚಿಸಿದಳು. "ಕರೆಕ್ಟಾಗಿ ಹಾಗೇನೇ ಆಂಟಿ."

"ಬಿಚ್ಚು ಇದನ್ನ. ತಂತಿ ತಗೊಂಡು ಕೆಳಗೆ ಬಾ. ಕೈ ತೊಳ್ಕೊಂಡು ಬಾ."

ಮೊದಲು ವಿರೋಧಿಸಿದವರು ವೆಂಕಟಾಚಲ. ಜೀವಮಾನವಿಡೀ ಅಪಘಾತಗಳ ಫೈಲು ನೋಡಿದ ಮನುಷ್ಯ. ಬೇಕಂತಲೇ ಅಪಘಾತ ಮಾಡಿಸುವ ಆಟ ಇದೆ ಅನ್ನುವುದು ಅವರಿಗೆ ಅರಗಲಿಲ್ಲ. "ಹೊಡೆದಾಡೋ ಯಂತ್ರಕ್ಕೆ ಕಾಲು ಕಟ್ಟಿಕೊಡ್ತೀಯಾ? ನಮ್ಮ ಮನೇಲಿ ಸೊಳ್ಳೆ ಬ್ಯಾಟು ತರೋಕೂ ನಾನು ಒಪ್ಪಿಲ್ಲ," ಅಂದರು. "ನಾನು ಮೋಟರು ಸುತ್ತೋದು. ಅದು ಓಡೋದು ಎಲ್ಲಿಗೆ ಅಂತ ಕೇಳೋಕೆ ನಾನ್ಯಾರು? ಕಾರ್ಖಾನೇಲಿ ಸುತ್ತಿದ ಕಾಯಿಲಲ್ಲಿ ಜನ ಜಗಳ ಆಡ್ಲಿಲ್ವಾ ಫೋನಲ್ಲಿ?" ಅಂದರು ರಮಾಮಣಿ. ಹಾಗಾದರೆ ಈ ವಿಷಯದಲ್ಲಿ ತಾವು ತಟಸ್ಥ ಅಂತ ಸಾರಿ ವೆಂಕಟಾಚಲ ಪೇಪರು ಬಿಡಿಸಿಕೊಂಡರು.

ಈ ಕಥೆಯಲ್ಲಿ ನನ್ನ ಕೊಡುಗೆಯೂ ಒಂದಿದೆ, ಬರೆದುಬಿಡುತ್ತೇನೆ. ಕೈ ಪಳಗಿಸಿಕೊಳ್ಳೋಕೆ ಒಂದು ಹಳೇ ಮೋಟರು ಬೇಕು ಅಂತ ಬಂದ ರಮಾಮಣಿಯವರಿಗೆ ನಾನು ನಮ್ಮ ಮಿಕ್ಸಿ ಕೊಟ್ಟೆ. ಅದು ಕೆಟ್ಟಿರಲಿಲ್ಲ. ಸದ್ದು ಮಾಡುತ್ತಿತ್ತು, ಅಷ್ಟೆ. ವಾಪಸ್ಸು ಬಂದಾಗ ಸದ್ದು ನಿಂತಿತ್ತು. ತಿರುಗುವುದೂ ನಿಂತಿತ್ತು. "ನಾಳೆ ಜೋಡಿಸ್ಕೊಡ್ತೀನಿ" ಅಂದು ಮತ್ತೆ ತೆಗೆದುಕೊಂಡು ಹೋದರು. ನಾವು ಆ ತಿಂಗಳಿಂದ ಒರಳುಕಲ್ಲಿನ ಚಟ್ನಿಗೆ ಇಳಿದೆವು.

ಸಿಡಿ ಡ್ರೈವುಗಳಿಗೆ ಶಿವಾಜಿನಗರಕ್ಕೆ ಹೋಗಬೇಕಾಯಿತು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಜೀರ್ ಅನ್ನುವವರ ಗುಜರಿ ಅಂಗಡಿ. ಕಂಪ್ಯೂಟರಿನ ಮೂಳೆ ಮಾಂಸವನ್ನೆಲ್ಲ ಬೇರೆ ಬೇರೆ ರಾಶಿ ಹಾಕಿಟ್ಟಿದ್ದರು. ರಮಾಮಣಿ ಒಂದು ಡ್ರೈವು ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿ ಪಕ್ಕಕ್ಕಿಟ್ಟರು. ಇನ್ನೊಂದು. ಮತ್ತೊಂದು. ನಜೀರ್ ಸ್ವಲ್ಪ ಹೊತ್ತು ನೋಡಿದರು.

"ಅಮ್ಮಾ, ಅದೆಲ್ಲ ಕೆಟ್ಟೋಗಿರೋ ಮಾಲು. ನಡೆಯೋದು ಬೇಕಂದ್ರೆ ಈ ಕಡೆ ಐತೆ."

"ಕೆಟ್ಟಿರೋದೇ ಬೇಕು."

"ಹಂಗಾದ್ರೆ ತಗೊಳ್ಳಿ, ಯಾವುದಾದ್ರೇನು?"

"ಇದು ತುಕ್ಕು ಹಿಡಿದಿದೆ. ಒಳ್ಳೇದು ಕೊಡಿ."

"ಯಾ ಅಲ್ಲಾ! ಕೆಟ್ಟಿದ್ದರಲ್ಲೂ ಸೆಲೆಕ್ಷನ್ನಾ?" ಅಂದ ನಜೀರ್ ಮುಂದಿನ ಎರಡು ವರ್ಷ ರಮಾಮಣಿಯವರಿಗಾಗಿ ಒಳ್ಳೆಯ ಕೆಟ್ಟ ಡ್ರೈವುಗಳನ್ನು ಬೇರೆಯಾಗಿ ತೆಗೆದಿಡುತ್ತಿದ್ದರು. ಒಂದೊಂದು ಡ್ರೈವಿನಲ್ಲಿ ಸಿಡಿ ತಿರುಗಿಸುವ ಮೋಟರು ಒಂದು, ಲೆನ್ಸಿನ ಪಕ್ಕ ಅಕ್ಕಿಕಾಳಿಗಿಂತ ಕೊಂಚ ದೊಡ್ಡ ಮ್ಯಾಗ್ನೆಟ್ಟು ಎರಡು. ಮೋಟರಿನ ಬಳೆಯೊಳಗೆ ಅಂಥ ಹನ್ನೆರಡು ಮ್ಯಾಗ್ನೆಟ್ಟು ಅಂಟಿಸಬೇಕು. ಅಂದರೆ ಒಂದು ಮೋಟರಿಗೆ ಆರು ಡ್ರೈವು. ಒಂದು ಉತ್ತರಮುಖ, ಪಕ್ಕದ್ದು ದಕ್ಷಿಣಮುಖ, ಹೀಗೆ ಸಾಲಾಗಿ. ಒಂದು ತಪ್ಪಿದರೂ ಮೋಟರು ಗುಂಯ್‌ಗುಡುತ್ತದೆಯೇ ಹೊರತು ಓಡುವುದಿಲ್ಲ. ಈ ಕೆಲಸಕ್ಕೆ ರಮಾಮಣಿ ಗಂಡನನ್ನು ಕೂಡಿಸಿದರು. ವೆಂಕಟಾಚಲ ದಿಕ್ಸೂಚಿ ಹಿಡಿದು, ಹೊಡೆದಾಟದ ವಿಷಯದಲ್ಲಿ ತಮ್ಮ ತಟಸ್ಥ ನೀತಿ ಬದಲಾಗಿಲ್ಲ ಅಂತ ಪ್ರತಿ ಸಲವೂ ಸಾರಿ, ಒಂದೊಂದನ್ನೇ ಅಂಟಿಸುತ್ತಿದ್ದರು.

ತಂತಿ ಸುಡುವುದಕ್ಕೆ ಕಾರಣವನ್ನೂ ರಮಾಮಣಿಯವರೇ ಕಂಡುಹಿಡಿದರು. ಕಬ್ಬಿಣದ ಹಲ್ಲಿನ ಅಂಚು ಚೂಪು. ಬಿಗಿಯಾಗಿ ಸುತ್ತುವಾಗ ಅದು ತಂತಿಯ ಮೇಲಿನ ಎನಾಮೆಲ್ ಕೆರೆಯುತ್ತದೆ, ತಾಮ್ರ ಕಬ್ಬಿಣಕ್ಕೆ ತಾಗುತ್ತದೆ, ಹೊಗೆ ಏಳುತ್ತದೆ. ಹಲ್ಲಿಗೆ ಮೊದಲು ಏನಾದರೂ ಬಳಿಯಬೇಕು. ತೆಳುವಾಗಿರಬೇಕು, ಗಟ್ಟಿಯಾಗಿ ಒಣಗಬೇಕು. ಕಾರ್ಖಾನೆಯ ವಾರ್ನಿಷ್ ಎಲ್ಲಿಂದ ತರುವುದು? ಯೋಚಿಸುತ್ತಿದ್ದಾಗ ಅವರ ಕಣ್ಣು ವಿಭಾಳ ಕೈಬೆರಳಿನ ಮೇಲೆ ಬಿತ್ತು.

ಮಾರನೆಯ ದಿನ ಇಬ್ಬರೂ ಕಮರ್ಷಿಯಲ್ ಸ್ಟ್ರೀಟಿಗೆ ಹೋದರು. ಅಂಗಡಿಯ ಹುಡುಗಿ ಐವತ್ತು ದಾಟಿದ, ಕಾಟನ್ ಸೀರೆಯ ಹೆಂಗಸನ್ನು ನೋಡಿ ತಿಳಿಗುಲಾಬಿ ಬಣ್ಣದ ನೈಲ್‌ಪಾಲಿಷ್ ತೆಗೆದಿಟ್ಟಳು.

"ಮೇಡಂ, ಈ ಶೇಡು ನಿಮ್ಗೆ ತುಂಬ ಡೀಸೆಂಟಾಗಿರುತ್ತೆ."

"ಡೀಸೆಂಟ್ ಬೇಡಮ್ಮ. ಬಿಸಿ ತಡೆಯೋದು ಯಾವುದು?"

"ಬಿಸಿ?"

"ಕೈಯಿಡಕ್ಕಾಗದಷ್ಟು ಬಿಸಿ ಆದ್ರೂ ಕಿತ್ತು ಬರಬಾರದು."

ಹುಡುಗಿ ಈ ಅಮ್ಮ ಯಾವ ಅಡುಗೆ ಮಾಡುತ್ತಾರೋ ಅಂತ ಗಾಬರಿಯಾಗಿ ಇದ್ದುದರಲ್ಲೇ ದಪ್ಪನೆಯ ಕಡುಗೆಂಪಿನ ಶೀಶೆ ಕೊಟ್ಟಳು. ಒಣಗಿದೆಯೋ ಇಲ್ಲವೋ ನೋಡಲು ರಮಾಮಣಿ ಅಲ್ಲೇ ತಮ್ಮ ಕಿರುಬೆರಳಿಗೆ ಹಚ್ಚಿಕೊಂಡರು. ಅದು ಅಳಿಸದೆ ಮನೆಗೆ ಬಂದದ್ದನ್ನು ವೆಂಕಟಾಚಲ ನೋಡಿದರು. ಎರಡು ದಿನ ಬಿಟ್ಟು, "ಮಿಕ್ಕ ಬೆರಳಿಗೂ ಹಚ್ಕೋಬಹುದಾಗಿತ್ತು" ಅಂದರಂತೆ. ರಮಾಮಣಿ ಇದನ್ನು ಹೇಳುವಾಗ ಈಗಲೂ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಾರೆ.

ಕೆಂಪು ಹಲ್ಲಿನ ಮೋಟರು ಸೆಪ್ಟೆಂಬರಿನಲ್ಲಿ ಮೊದಲ ಸಲ ತಿರುಗಿತು. ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಗೆ ಒರಗಿಸಿ ತಿರುಗಿಸಿದ್ದು. ಸೊಳ್ಳೆ ಕೂಗಿದ ಹಾಗೆ ಸಣ್ಣಗೆ ಶುರುವಾಗಿ, ಸದ್ದು ಏರುತ್ತ ಏರುತ್ತ ಹೋಗಿ, ಮೋಟರು ಜಾಡಿಯನ್ನು ಬಿಟ್ಟು ಮೇಜಿನುದ್ದ ಓಡಿ ವೆಂಕಟಾಚಲರ ಮಜ್ಜಿಗೆ ಲೋಟಕ್ಕೆ ಹಾರಿತು. ಮೂವರೂ ಎದ್ದು ಚಪ್ಪಾಳೆ ಹೊಡೆದರು. ಮಜ್ಜಿಗೆ ಮೈಮೇಲೆಲ್ಲ ಆಗಿದ್ದ ವೆಂಕಟಾಚಲರೂ ಹೊಡೆದರು.

ಆದರೆ ರೋಬೋಟಿಗೆ ಹಾಕಿದಾಗ ಹೊಸ ತಾಪತ್ರಯ. ವಿಭಾ ಅದಕ್ಕೆ ಕಟ್ಟಿರುವೆ ಅಂತ ಹೆಸರಿಟ್ಟಿದ್ದಳು. ಕಪ್ಪು ಬಣ್ಣ, ನೆಲಕ್ಕೆ ಅಂಟಿದ ಚಪ್ಪಟೆ ಮೈ, ಮುಂದೆ ಮೊರದ ತುದಿಯಂಥ ತಗಡು, ಎಡಕ್ಕೊಂದು ಬಲಕ್ಕೊಂದು ಚಕ್ರ, ಪ್ರತಿ ಚಕ್ರಕ್ಕೆ ಹಳೇ ಪ್ರಿಂಟರಿನ ಹಲ್ಲುಗಾಲಿಗಳ ಮೂಲಕ ಒಂದೊಂದು ಮೋಟರು. ಓಡಲು ಶುರುಮಾಡಿದ ಮೇಲೆ ಅದನ್ನು ಹಿಡಿಯುವವರಿಲ್ಲ. ಶುರುವಾಗುವುದೇ ಕಷ್ಟ. ಭಾರ ಬಿದ್ದ ಕೂಡಲೇ ಚಕ್ರ ಮುಂದೆ ಹೋಗಲೋ ಹಿಂದೆ ಹೋಗಲೋ ಅಂತ ಒಂದು ಕ್ಷಣ ತಲೆಯಾಡಿಸಿ ನಡುಗುತ್ತಿತ್ತು. ಹೊಡೆದಾಟದಲ್ಲಿ ಆ ಒಂದು ಕ್ಷಣ ಸಾಕು. 2006ರ ಆರಂಭದ ಮೊದಲ ಪಂದ್ಯದಲ್ಲಿ ಕಟ್ಟಿರುವೆ ಹೀಗೆ ನಡುಗುತ್ತ ನಿಂತಿದ್ದಾಗಲೇ ಎದುರಾಳಿ ಬಂದು ಅಂಗಾತ ಮಾಡಿ ಹೋಯಿತು. ಇಪ್ಪತ್ತೇ ಸೆಕೆಂಡು.

ವಿಭಾ ಮೂರು ದಿನ ಕೆಳಗಿಳಿದು ಬರಲಿಲ್ಲ. ನಾಲ್ಕನೆಯ ದಿನ ರಮಾಮಣಿಯವರೇ ಹತ್ತಿದರು.

"ಸರ್ಕ್ಯೂಟ್ ಸರಿ ಇಲ್ಲ ಆಂಟಿ. ನಾನೇ ದಡ್ಡಿ."

"ಸರ್ಕ್ಯೂಟ್ ನಂಗೆ ಗೊತ್ತಿಲ್ಲ. ಸುತ್ತು ಗೊತ್ತು. ದಪ್ಪ ತಂತಿ ಹದಿನಾಲ್ಕು ಸುತ್ತು ಹಾಕಿದೀವಿ. ಅದಕ್ಕೇ ಇದಕ್ಕೆ ಓಟದ ಚಟ, ಎಳೆಯೋ ಬುದ್ಧಿ ಇಲ್ಲ. ತೆಳು ತಂತೀಲಿ ಸುತ್ತು ಜಾಸ್ತಿ ಮಾಡಿದ್ರೆ?"

"ಸ್ಪೀಡು ಕಮ್ಮಿ ಆಗುತ್ತೆ."

"ಆಗ್ಲಿ. ಆ ಪೆಟ್ಟಿಗೆ ಎಷ್ಟು ದೊಡ್ಡದು? ನಮ್ಮ ಹಾಲಿನಷ್ಟಿಲ್ಲ. ಅದರೊಳಗೆ ಓಡಿ ಯಾವೂರಿಗೆ ಹೋಗ್ಬೇಕು?"

ವಿಭಾ ಲೆಕ್ಕ ಹಾಕಿದಳು. ಹಲ್ಲಿಗೆ ಇಪ್ಪತ್ತೆಂಟು ಸುತ್ತು ಹಿಡಿಸಿದರೆ ಸರಿಹೋಗಬಹುದು. ಆದರೆ ಹಲ್ಲುಗಳ ಮಧ್ಯೆ ಅಷ್ಟು ಜಾಗವೇ ಇಲ್ಲ. ನೆಟ್ಟಿನಲ್ಲಿ ಯಾರೂ ಇಪ್ಪತ್ತೆರಡು ದಾಟಿರಲಿಲ್ಲ. "ಅವರ್ಯಾರೂ ರಿಲೇ ಸುತ್ತಿಲ್ಲ" ಅಂದು ರಮಾಮಣಿ ಕನ್ನಡಕ ಒರೆಸಿಕೊಂಡು ಕೂತರು. ಮೊದಲ ಪದರ ಸೈನಿಕರು ನಿಂತ ಹಾಗೆ ಒಂದಕ್ಕೊಂದು ಒತ್ತಿ. ಎರಡನೆಯ ಪದರದ ಪ್ರತಿ ಸುತ್ತೂ ಮೊದಲ ಪದರದ ಎರಡು ಸುತ್ತುಗಳ ನಡುವಿನ ಕಣಿವೆಯಲ್ಲಿ. ಒಂದು ಹಲ್ಲು ಮುಗಿಸಲು ಅರ್ಧ ಗಂಟೆ. ಮಾತಿಲ್ಲ, ಕಾಫಿ ಇಲ್ಲ. ಒಂಬತ್ತು ಹಲ್ಲು ಮುಗಿದಾಗ ಪ್ರತಿಯೊಂದರಲ್ಲೂ ಇಪ್ಪತ್ತೆಂಟು ಸುತ್ತಿತ್ತು, ಮಧ್ಯೆ ಒಂದು ಕಾರ್ಡು ತೂರಿಸುವಷ್ಟು ಜಾಗವೂ ಉಳಿದಿತ್ತು. ಅಂಥ ಎರಡು ಮೋಟರು ಹಾಕಿದ ಕಟ್ಟಿರುವೆ ಬಟನ್ ಒತ್ತಿದ ಕೂಡಲೇ ನಡುಗದೆ ಹೊರಟು, ಹಾಲಿನಲ್ಲಿದ್ದ ತೇಗದ ಸ್ಟೂಲನ್ನು ಬಾಗಿಲವರೆಗೆ ತಳ್ಳಿಕೊಂಡು ಹೋಯಿತು. ಸ್ಟೂಲಿನ ಮೇಲೆ ಇನ್ನೂ ವಾಪಸ್ಸಾಗದ ನಮ್ಮ ಮಿಕ್ಸಿ ಇತ್ತು.

ಮುಂದಿನ ಪಂದ್ಯ 2007ರ ಫೆಬ್ರವರಿಯಲ್ಲಿ, ಕೆ.ಆರ್. ಪುರದಾಚೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಉತ್ಸವದಲ್ಲಿ. ಹಿಂದಿನ ದಿನ ತೂಕ ನೋಡಬೇಕಾಗಿ ಬಂತು. ಗ್ರಾಮ್ ಲೆಕ್ಕದಲ್ಲಿ ತೂಗುವ ತಕ್ಕಡಿ ತಮ್ಮ ಸ್ನೇಹಿತ ಮಂಜೂರ್ ಹತ್ತಿರ ಇದೆ ಅಂತ ನಜೀರ್ ಹೇಳಿದರು. ರಸೆಲ್ ಮಾರುಕಟ್ಟೆಗೆ ಹೋದ ಮೇಲೆ ಗೊತ್ತಾಯಿತು, ಅದು ಮಾಂಸದ ಅಂಗಡಿ. ಹುಟ್ಟಿದಾಗಿನಿಂದ ಆ ಸಾಲಿಗೆ ಕಾಲಿಡದ ರಮಾಮಣಿ ಸೆರಗನ್ನು ಮೂಗಿಗೆ ಹಿಡಿದು, ನೇತುಹಾಕಿದ್ದ ಕುರಿಗಳ ಮಧ್ಯೆ ದಾರಿ ಮಾಡಿಕೊಂಡು, ಕಟ್ಟಿರುವೆಯನ್ನು ತಕ್ಕಡಿಯ ಮೇಲೆ ಕೂಡಿಸಿದರು. ಮಂಜೂರ್ ಅದನ್ನೂ ಅವರನ್ನೂ ನೋಡಿ, "ಪೀಸ್ ಮಾಡ್ಲಾ ಅಮ್ಮಾ, ಹಂಗೇ ಕಟ್ಲಾ?" ಅಂದರು. ರಮಾಮಣಿ ನಕ್ಕುಬಿಟ್ಟರು, ನಗುವಾಗ ಸೆರಗು ಜಾರಿತು, ಮತ್ತೆ ಹಿಡಿದುಕೊಳ್ಳುವುದು ಮರೆತೇಹೋಯಿತು. ಒಂದು ಕಿಲೋ ನಾನೂರ ಎಂಬತ್ತೆಂಟು ಗ್ರಾಮ್.

ಪಂದ್ಯದ ದಿನ ನಾನೂ ಹೋದೆ. ಅಖಾಡದೊಳಗೆ ಬಿಡುವ ಮುಂಚೆ ಪ್ರತಿ ರೋಬೋಟನ್ನೂ ತೂಗಿ, ಬಿಚ್ಚಿ ನೋಡಿ ಒಪ್ಪಿಗೆ ಕೊಡಬೇಕು. ಮೇಜಿನ ಹಿಂದೆ ಆ ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರು ಕೂತಿದ್ದರು. ಬೆಳ್ಳಗಾದ ಮೀಸೆ, ಜೇಬಿನಲ್ಲಿ ಭೂತಕನ್ನಡಿ. ರಮಾಮಣಿ ಗಕ್ಕನೆ ನಿಂತರು.

"ವಾದಿರಾಜ!"

ಕಾರ್ಖಾನೆ ಬಿಟ್ಟು ಇಲ್ಲಿ ಸೇರಿದ್ದ ಅದೇ ಇನ್ಸ್‌ಪೆಕ್ಟರು ತಲೆಯೆತ್ತಿದರು. ಗುರುತು ಸಿಕ್ಕ ಕೂಡಲೇ ಅವರ ಕೈ ತಾನಾಗಿ ಅಂಗಿಯ ಜೇಬು ಮುಚ್ಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಕಟ್ಟಿರುವೆಯನ್ನು ತೂಗಿದರು. ಮೀಸೆಯಡಿಯಲ್ಲಿ ಸಂತೋಷ ಕಾಣಿಸಿತು.

"ಮೂರು ಗ್ರಾಮ್ ಜಾಸ್ತಿ. ರಿಜೆಕ್ಟು."

"ಸಾಧ್ಯಾನೇ ಇಲ್ಲ! ನಿನ್ನೆ ಹನ್ನೆರಡು ಗ್ರಾಮ್ ಕಮ್ಮಿ ಇತ್ತು. ಬಿಚ್ಚಿ ನೋಡಿ."

ವಾದಿರಾಜರು ಮುಚ್ಚಳ ತೆಗೆದರು. ಬ್ಯಾಟರಿಯ ಪಕ್ಕ ಕಪ್ಪು ದಾರದಲ್ಲಿ ಕಟ್ಟಿದ ಒಂದು ತಾಮ್ರದ ತಾಯಿತ. ಅದನ್ನು ಚಿಮಟದಲ್ಲಿ ಎತ್ತಿ ಹಿಡಿದು ಕೇಳಿದರು. "ಇದು ಯಾವ ಪಾರ್ಟು?"

ಹಿಂದಿನಿಂದ ವೆಂಕಟಾಚಲ ಗಂಟಲು ಸರಿಮಾಡಿಕೊಂಡರು. "ಅದು... ಸೇಫ್ಟಿ ಪಾರ್ಟು."

ತಟಸ್ಥ ನೀತಿಯ ಮನುಷ್ಯ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಕಟ್ಟಿದ್ದರು. ತಾಯಿತ ತೆಗೆದು ಅವರ ಕೈಗೇ ಕೊಟ್ಟದ್ದಾಯಿತು. ಆಮೇಲೆ ವಾದಿರಾಜರು ಭೂತಕನ್ನಡಿ ತೆಗೆದು ಮೋಟರಿನ ಮೇಲೆ ಬಾಗಿದರು. ಬಹಳ ಹೊತ್ತು ಬಾಗಿಯೇ ಇದ್ದರು. ಹಿಂದೆ ನಿಂತ ಹುಡುಗರು ಗೊಣಗತೊಡಗಿದರು.

"ಇಪ್ಪತ್ತೆಂಟಾ?" ಅಂದರು ಕೊನೆಗೆ.

"ಇಪ್ಪತ್ತೆಂಟು."

"ಕೈಯಲ್ಲೇ?"

"ಕಾಲಲ್ಲಿ ಸುತ್ತೋಕೆ ಬರಲ್ಲ ನಂಗೆ."

ವಾದಿರಾಜರು ಹಸಿರು ಸ್ಟಿಕ್ಕರು ಅಂಟಿಸಿ, ಕಟ್ಟಿರುವೆಯನ್ನು ಎರಡೂ ಕೈಯಲ್ಲಿ ಎತ್ತಿ ವಿಭಾಗೆ ಕೊಟ್ಟರು. ಬೇರೆ ರೋಬೋಟುಗಳನ್ನೆಲ್ಲ ಅವರು ಮೇಜಿನ ಮೇಲೆ ತಳ್ಳುತ್ತಿದ್ದರು.

ಮೊದಲ ಎದುರಾಳಿಯ ಹೆಸರು ಡೆತ್ ಫ್ಯಾನ್. ಮುಂದೆ ಹುಲ್ಲು ಕತ್ತರಿಸುವಂಥ ಬ್ಲೇಡು. ಅದು ಪೂರ್ತಿ ವೇಗ ಹಿಡಿಯಲು ನಾಲ್ಕು ಸೆಕೆಂಡು ಬೇಕಿತ್ತು. ಸೀಟಿ ಊದಿದ ಎರಡನೆಯ ಸೆಕೆಂಡಿಗೆ ಕಟ್ಟಿರುವೆ ಅದರ ಹೊಟ್ಟೆಯಡಿ ತಗಡು ತೂರಿಸಿ, ತಳ್ಳಿಕೊಂಡು ಹೋಗಿ ಗೋಡೆಗೆ ಒತ್ತಿತು. ಪ್ಲಾಸ್ಟಿಕ್ ಗಾಜಿನ ಈಚೆ ಒಂದು ದನಿ ಎಲ್ಲರ ದನಿಯನ್ನೂ ಮೀರಿ ಕೇಳಿಸಿತು. "ಒತ್ತು! ಬಿಡ್ಬೇಡ! ಇನ್ನೂ ಒತ್ತು ಮುಂಡೇದನ್ನ!" ವೆಂಕಟಾಚಲ ಬೆಚ್ಚಿ ಪಕ್ಕಕ್ಕೆ ನೋಡಿದರು. ಮದುವೆಯಾಗಿ ಮೂವತ್ಮೂರು ವರ್ಷದಲ್ಲಿ ಅವರು ಆ ದನಿ ಕೇಳಿರಲಿಲ್ಲ. ಬ್ಲೇಡು ಗೋಡೆಗೆ ಬಡಿದು ನಿಂತಿತು. ಗೆದ್ದೆವು.

ಎರಡನೆಯದನ್ನೂ ಗೆದ್ದೆವು, ಎದುರಾಳಿಯ ಬ್ರಷ್ ಮೋಟರು ಮಧ್ಯದಲ್ಲೇ ಹೊಗೆಯಾಡಿತು. ರಮಾಮಣಿ ಮೂಗೆತ್ತಿ, "ಪಾಪ, ಯಾರೋ ಅವಸರದಲ್ಲಿ ಸುತ್ತಿದ್ದಾರೆ" ಅಂದರು.

ಮೂರನೆಯದು ಸೆಮಿಫೈನಲ್. ಎದುರಾಳಿ ಒಂದು ಉಕ್ಕಿನ ಪೀಪಾಯಿಯಂಥದ್ದು. ಮುಂದೆ ಹಲ್ಲಿರುವ ಉರುಳೆ. ಒಂದು ನಿಮಿಷ ಸಮಸಮ ಹೋರಾಟ. ಆಮೇಲೆ ಉರುಳೆ ಕಟ್ಟಿರುವೆಯ ಎಡಪಕ್ಕಕ್ಕೆ ತಾಗಿತು. ಚಕ್ರ ಹಾರಿತು, ಎಡ ಮೋಟರಿನ ಬಳೆ ಒಡೆಯಿತು, ಹನ್ನೆರಡು ಮ್ಯಾಗ್ನೆಟ್ಟೂ ನಕ್ಷತ್ರದ ಹಾಗೆ ಚೆದುರಿ, ಉಕ್ಕಿನ ಎದುರಾಳಿಯ ಮೈಮೇಲೆಲ್ಲ ಟಪಟಪ ಅಂಟಿಕೊಂಡವು. ಕಟ್ಟಿರುವೆ ಉಳಿದ ಒಂದೇ ಮೋಟರಿನಲ್ಲಿ ಗಿರಗಿರನೆ ಗಾಣ ಸುತ್ತಿತು. ನಿಲ್ಲಲಿಲ್ಲ. ಪಂದ್ಯದ ಮೂರು ನಿಮಿಷ ಮುಗಿಯುವವರೆಗೂ ಸುತ್ತುತ್ತಲೇ ಇತ್ತು. ತೀರ್ಪು ಎದುರಾಳಿಯ ಕಡೆ ಬಂತು, ಆದರೆ ಜನ ಕೂಗಿದ್ದು ಕಟ್ಟಿರುವೆಗೆ.

ವಿಭಾ ಕಣ್ಣೊರೆಸಿಕೊಳ್ಳುತ್ತಿದ್ದಳು. ರಮಾಮಣಿ ನೇರ ಗೆದ್ದವರ ಹತ್ತಿರ ಹೋಗಿ, "ಕಂಗ್ರಾಜುಲೇಷನ್ಸ್ ಕಣ್ರಪ್ಪ. ನಮ್ಮ ಮ್ಯಾಗ್ನೆಟ್ಟು ವಾಪಸ್ ಕೊಡಿ" ಅಂದರು. ಆ ಹುಡುಗರು ನೆಲದ ಮೇಲೆ ಕೂತು ತಮ್ಮ ಯಂತ್ರದ ಮೈಯಿಂದ ಒಂದೊಂದೇ ಕಿತ್ತು ಕೊಟ್ಟರು. ಹನ್ನೊಂದು ಸಿಕ್ಕವು.

ವೆಂಕಟಾಚಲ ಮೊದಲಿಗೆ ಕಟ್ಟಿರುವೆಯನ್ನು ನೋಡಲು ಇಷ್ಟಪಡಲಿಲ್ಲ. ಆಮೇಲೆ ಹಳೆಯ ಅಭ್ಯಾಸ ಮೇಲಾಗಿ, ಜೇಬಿನಿಂದ ಪೆನ್ನು ತೆಗೆದು, ನನ್ನ ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿಯ ಬೆನ್ನಿಗೆ ಹಾನಿಯ ವರದಿ ಬರೆದರು. ಎಡಚಕ್ರ: ಪೂರ್ಣ ನಷ್ಟ. ಎಡ ಮೋಟರಿನ ಬಳೆ: ಪೂರ್ಣ ನಷ್ಟ. ಕಾಯಿಲ್: ಅಬಾಧಿತ. ಕಾರಣ: ಎದುರಾಳಿಯ ದುರುದ್ದೇಶ. ವಾದಿರಾಜರು ಬಂದು ಭೂತಕನ್ನಡಿಯಲ್ಲಿ ಮತ್ತೊಮ್ಮೆ ನೋಡಿ, "ಒಂದು ಎಳೆ ಅಲ್ಲಾಡಿಲ್ಲ" ಅಂದರು. "ಬರ್ದುಕೊಡಿ" ಅಂದರು ರಮಾಮಣಿ. ವರದಿಯ ಕೆಳಗೆ ವಾದಿರಾಜರೂ ಸಹಿ ಹಾಕಿದರು.

ಆವತ್ತಿನಿಂದ ನಮ್ಮ ರಸ್ತೆಗೆ ಹುಡುಗ ಹುಡುಗಿಯರು ಬರತೊಡಗಿದರು. ಇಂದಿರಾನಗರದಿಂದ, ಹಲಸೂರಿನಿಂದ, ಒಮ್ಮೆ ತುಮಕೂರಿನಿಂದ. "ಮೋಟರ್ ಆಂಟಿ ಮನೆ ಯಾವುದು?" ಅಂತ ನನ್ನ ಗೇಟು ತಟ್ಟುತ್ತಿದ್ದರು. ರಮಾಮಣಿ ಎಲ್ಲರಿಗೂ ಸುತ್ತುವುದನ್ನು ಕಲಿಸಿದರು. ಸುತ್ತಿಕೊಡುವುದು ಮಾತ್ರ ಕಲಿಯಲು ನಿಜವಾಗಿ ಒದ್ದಾಡಿದವರಿಗೆ. ಎರಡು ವರ್ಷದ ಮೇಲೆ ಹೊರಗಿನಿಂದ ರೆಡಿಮೇಡ್ ಬ್ರಷ್‌ಲೆಸ್ ಮೋಟರುಗಳು ಸುಲಭವಾಗಿ ಬರತೊಡಗಿದವು, ಗೇಟು ತಟ್ಟುವವರು ಕಮ್ಮಿಯಾದರು. ಒಬ್ಬ ಹುಡುಗ ತೋರಿಸಲು ತಂದ ಒಂದನ್ನು ಅವರು ಬಿಚ್ಚಿ ನೋಡಿದ್ದು ನನಗೆ ನೆನಪಿದೆ. "ಚೆನ್ನಾಗೇ ಸುತ್ತಿದ್ದಾಳೆ" ಅಂದರು.

"ಸುತ್ತಿದ್ದಾಳೆ ಅಂತ ಹೇಗೆ ಗೊತ್ತು? ಮಿಷಿನ್ನಿರಬಹುದಲ್ಲ?" ಅಂದೆ.

"ಕೊನೇ ಸುತ್ತು ಒಂಚೂರು ಬಿಗಿ ಇದೆ. ಮನೆಗೆ ಹೋಗೋ ಹೊತ್ತಾಗಿತ್ತು ಅವಳಿಗೆ."

ವಿಭಾ ಓದು ಮುಗಿಸಿ ಮಹದೇವಪುರದ ಒಂದು ಸಣ್ಣ ಕಾರ್ಖಾನೆ ಸೇರಿದಳು. ಏರ್‌ಕೂಲರಿಗೆ ಹಾಕುವ ಪುಟ್ಟ ಪಂಪುಗಳನ್ನು ಮಾಡುವಂಥದ್ದು. ಎಂಟು ಹುಡುಗಿಯರು ಸಾಲಾಗಿ ಕೂತು ಕಾಯಿಲ್ ಸುತ್ತುತ್ತಿದ್ದರು; ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯಿಂದ ಬಂದು ಬಾಡಿಗೆ ಕೋಣೆಗಳಲ್ಲಿದ್ದವರು. ಮಧ್ಯಾಹ್ನದ ಮೇಲೆ ಸುತ್ತಿದ್ದೆಲ್ಲ ಸಡಿಲ ಬರುತ್ತಿತ್ತು. ಮ್ಯಾನೇಜರು ತಂತಿ ಬದಲಿಸಿದರು, ಮಿಷಿನ್ನು ಬದಲಿಸಿದರು, ಕೊನೆಗೆ ಹುಡುಗಿಯರನ್ನೇ ಬದಲಿಸುವ ಮಾತಾಡಿದರು. ಆಗ ವಿಭಾ ರಮಾಮಣಿಯವರನ್ನು ಕರೆದುಕೊಂಡು ಹೋದಳು. 2009ರ ಒಂದು ಸೋಮವಾರ. ನಾನು ಆಟೋ ಹಿಡಿಯುವವರೆಗೆ ಜೊತೆಗಿದ್ದೆ, ಮುಂದಿನದು ವಿಭಾ ಹೇಳಿದ್ದು.

ರಮಾಮಣಿ ಎರಡು ಗಂಟೆ ನೋಡುತ್ತ ನಿಂತರಂತೆ. ಮ್ಯಾನೇಜರು, "ಅಮ್ಮಾ, ಹುಡುಗೀರಿಗೆ ನಾಲ್ಕು ಬುದ್ಧಿಮಾತು ಹೇಳಿ" ಅಂದರಂತೆ. ಅವರು ತುದಿಯಲ್ಲಿ ಕೂತಿದ್ದ ಸೌಂದರ್ಯಾ ಅನ್ನುವ ಹುಡುಗಿಯ ಹತ್ತಿರ ಹೋಗಿ, "ಭುಜ ನೋವಾಗುತ್ತೇನಮ್ಮ?" ಅಂದರು.

"ಭಾಳ ನೋಯ್ತದ್ರಿ. ಮಧ್ಯಾಹ್ನ ಆತಂದ್ರ ಕೈ ಎತ್ತಾಕ ಆಗಂಗಿಲ್ರಿ."

"ಕಾಲು ನೆಲಕ್ಕೆ ತಾಗ್ತಿದೆಯಾ?"

ಸೌಂದರ್ಯಾ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಎಂಟೂ ಹುಡುಗಿಯರು ನೋಡಿಕೊಂಡರು. ಹದಿನಾರು ಕಾಲೂ ಗಾಳಿಯಲ್ಲಿದ್ದವು.

"ಇವರಿಗೆ ಬುದ್ಧಿಮಾತು ಬೇಡ," ಅಂದರು ರಮಾಮಣಿ ಮ್ಯಾನೇಜರಿಗೆ. "ಒಂದು ಗರಗಸ ತರಿಸಿ."

ಬಡಗಿ ಪೀರಪ್ಪ ಬಂದ. ಕಾಲು ನೇತಾಡಿದರೆ ಭಾರವೆಲ್ಲ ಭುಜಕ್ಕೆ ಬೀಳುತ್ತೆ ಅಂತ ಹೇಳುತ್ತ, ಮರದ ಕುರ್ಚಿಗಳ ಕಾಲಿಗೆ ರಮಾಮಣಿ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟರು. ಉದ್ದ ಕಾಲಿನವಳಿಗೆ ಒಂದೂವರೆ ಅಂಗುಲ, ಗಿಡ್ಡ ಕಾಲಿನವಳಿಗೆ ಮೂರು. ಗುರುವಾರದ ಹೊತ್ತಿಗೆ ಮಧ್ಯಾಹ್ನದ ಕಾಯಿಲೂ ಬೆಳಗಿನ ಕಾಯಿಲಿನ ಹಾಗೇ ಬರತೊಡಗಿತು. ಅಲ್ಲಿಂದ ಎರಡು ವರ್ಷ, ವಾರಕ್ಕೆ ಎರಡು ದಿನ, ರಮಾಮಣಿ ಆ ಕಾರ್ಖಾನೆಗೆ ಹೋಗಿಬಂದರು. ಗರಗಸದ ಹುರುಪಿನಲ್ಲಿ ಪೀರಪ್ಪ ಕೋಣೆಯಲ್ಲಿದ್ದ ಒಂಬತ್ತನೆಯ ಕುರ್ಚಿಯನ್ನೂ ಕೊಯ್ದುಬಿಟ್ಟಿದ್ದ. ಅದು ಮ್ಯಾನೇಜರದು. ಅವರು ಬಹಳ ದಿನ ಮೇಜಿನ ಹಿಂದಿನಿಂದ ಮೂಗಿನ ಮೇಲ್ಭಾಗ ಮಾತ್ರ ಕಾಣಿಸುವಂತೆ ಕೂತು ಸಹಿ ಹಾಕುತ್ತಿದ್ದರಂತೆ.